ಆರಿಸಿದ್ದು

ಆ ಮನೆಗೆ ಕಂಪ್ಯೂಟರಿನ ತಲೆ ಮೊದಲು ಬಂತು. ಮೈ ಬರಲು ಐದು ವರ್ಷ ಹಿಡಿಯಿತು.

ತಲೆ ತಂದವನು ಬಡಗಿಯ ಮಗ, ಮನೆಯವರ ಬಾಯಲ್ಲಿ ದೊಡ್ಡವನು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಕ್ಕ ಮೊದಲ ಸಂಬಳದಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಪ್ರೊಸೆಸರ್ ಕೊಂಡು, ನೇರವಾಗಿ ಅಮ್ಮನ ಇಸ್ತ್ರಿ ಮೇಜಿನ ಮೇಲೆ ಇಟ್ಟಿದ್ದ.

"ಡ್ಯುಯಲ್ ಕೋರ್ ಅಮ್ಮ. ಇದೇ ತಲೆ, ಒಳಗೆ ಎರಡು ಮಿದುಳು. ಉಳಿದ ಮೈ ತಿಂಗಳಿಗೊಂದು ತುಂಡು ತರ್ತೀನಿ."

"ಒಂದೇ ಮಿದುಳು ಇರೋ ನಿನ್ನನ್ನೇ ಸಂಭಾಳಿಸೋಕಾಗ್ತಿಲ್ಲ" ಎಂದು ಅವಳು ನಕ್ಕಿದ್ದಳು. ನಗುವಾಗ ಕೈ ಜಾರಿ ಇಸ್ತ್ರಿಪೆಟ್ಟಿಗೆಯ ಮೂತಿ ಆ ಲೋಹದ ಮುಚ್ಚಳದ ಮೂಲೆಗೆ ತಾಗಿ ಒಂದು ಗೀರು ಬಿದ್ದಿತ್ತು. ಎರಡನೆಯ ಸಂಬಳ ಕೈಗೆ ಬರುವ ಮೊದಲೇ ದೊಡ್ಡವನು ಲಾರಿಯ ಕೆಳಗೆ ಸಿಕ್ಕ. ಅವನ ಫೋಟೋವನ್ನು ತಾಯಿ ಟ್ರಂಕಿನಲ್ಲಿ ಬಟ್ಟೆಗಳ ಅಡಿಗೆ ಹಾಕಿದಳು, ನೋಡಲು ಆಗುತ್ತಿರಲಿಲ್ಲ. ಪ್ರೊಸೆಸರನ್ನು ಮಾತ್ರ ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಆಗಾಗ ತೆಗೆದು, ಮೇಲೂ ಕೆಳಗೂ ಹತ್ತಿಯಿಂದಲೇ ಒರೆಸಿ, ಮತ್ತೆ ಸುತ್ತಿಡುತ್ತಿದ್ದಳು. ಕೆಳಗಡೆ ಕೂದಲಿನಂಥ ನೂರಾರು ಚಿನ್ನದ ಬಣ್ಣದ ಕಾಲುಗಳಿದ್ದವು. ಅವುಗಳನ್ನು ಒರೆಸಬಾರದು ಎಂದು ಹೇಳುವವನೇ ಇರಲಿಲ್ಲವಲ್ಲ.

ಬಡಗಿ ಒಂದು ಪೀಠೋಪಕರಣದ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಕಪಾಟು, ಅಡುಗೆಮನೆಯ ಷೆಲ್ಫು, ಮಂಚ. ಐದನೆಯ ವರ್ಷ ಶೆಡ್ಡಿಗೆ ಹಲಗೆ ಕತ್ತರಿಸುವ ದೊಡ್ಡ ಮಷೀನು ಬಂತು. ಮಷೀನು ಬಂದ ವಾರವೇ ಮ್ಯಾನೇಜರು ಅವನಿಗೆ ಚಹಾ ಕೊಡಿಸಿ, "ಇನ್ಮೇಲೆ ದಿನಾ ಬರೋದು ಬೇಡ ಮೇಸ್ತ್ರಿ, ಕರೆದಾಗ ಬನ್ನಿ" ಎಂದ. ಕೊಡಿಸಿದ ಚಹಾದ ಹಿಂದೆ ಏನಾದರೂ ಇದ್ದೇ ಇರುತ್ತದೆ.

ಅದೇ ಚಹಾದ ಜೊತೆ ಮ್ಯಾನೇಜರು ಇನ್ನೊಂದು ಮಾತೂ ಆಡಿದ್ದ. ಈಗಿನ ಗಿರಾಕಿಗಳಿಗೆ ಕಪಾಟು ಮಾಡುವ ಮೊದಲೇ ಅದರ ಚಿತ್ರ ಬೇಕು. ಕೋಣೆ, ಗೋಡೆ, ಬೆಳಕು ಎಲ್ಲ ನಿಜದಂತೆಯೇ ಕಾಣಬೇಕು. "ನಿಮ್ಮ ಮಗಳು ಕಲಿತಿದಾಳಂತಲ್ಲ. ಮನೇಲೇ ಕೂತು ಮಾಡ್ಲಿ. ಮೊದಲು ಮೂರು ಚಿತ್ರ ತೋರಿಸ್ಲಿ, ಚೆನ್ನಾಗಿದ್ರೆ ಕೆಲಸ ಅವಳಿಗೇ."

ಮಗಳು ಬಡಕಲು ಶರೀರದವಳು. ಮನೆಯಲ್ಲಿ ಅವಳಿಗೆ ಕಡ್ಡಿ ಎಂದೇ ಹೆಸರು. ಚಿತ್ರ ಮಾಡುವುದನ್ನು ಕಲಿತದ್ದು ನಿಜ, ಆದರೆ ಕಲಿತದ್ದು ತರಗತಿಯ ಕಂಪ್ಯೂಟರಿನಲ್ಲಿ. ಮನೆಯಲ್ಲಿ ಇದ್ದದ್ದು ತಲೆಯೊಂದೇ.

"ತಲೆ ಕೂರಿಸೋಕೆ ಬೋರ್ಡು ಬೇಕು, ಚಿತ್ರ ತೋರಿಸೋಕೆ ಗ್ರಾಫಿಕ್ಸ್ ಕಾರ್ಡು ಬೇಕು. ಎರಡನ್ನೂ ನೋಡಿ ಆರಿಸ್ಬೇಕು" ಎಂದಳು ಕಡ್ಡಿ, ಊಟಕ್ಕೆ ಕೂತಾಗ.

ಮೂಲೆಯಲ್ಲಿ ನಾಳೆಯ ಬೇಳೆಯಿಂದ ಕಲ್ಲು ಹೆಕ್ಕುತ್ತಿದ್ದ ಅಜ್ಜಿ ತಲೆ ಎತ್ತಿದಳು. "ಬೇಳೆ ಆರಿಸೋದು ಗೊತ್ತು, ದೀಪ ಆರಿಸೋದು ಗೊತ್ತು. ನೀನು ಯಾವ ಥರ ಆರಿಸ್ತೀಯೋ, ನೋಡಿಕೊಂಡು ಆರಿಸು ತಾಯಿ."

"ಅಮ್ಮ, ಅಣ್ಣಂದು ಹಳೇದಾಯ್ತು. ಅದು ಕೂರೋ ಥರದ ಬೋರ್ಡು ಈಗ ಹೊಸದಾಗಿ ಬರೋದೇ ಇಲ್ಲ. ಬೇರೆ ಪ್ರೊಸೆಸರ್ರೇ ತಗೊಂಡ್ರೆ..."

"ಹಾಗಾದ್ರೆ ಅವನು ತಂದಿದ್ದು?"

"ಬೀರುವಿನಲ್ಲೇ ಇರ್ಲಿ."

ತಾಯಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿದಳು. "ಐದು ವರ್ಷ ಬೀರುವಿನಲ್ಲೇ ಇತ್ತಲ್ಲ, ಸಾಲದಾ? ಈ ಮನೆಗೆ ಕಂಪ್ಯೂಟರ್ ಬಂದ್ರೆ ಅವನ ತಲೆಗೇ ಮೈ ಬರ್ಬೇಕು. ಇಲ್ದಿದ್ರೆ ಬರೋದೇ ಬೇಡ."

"ಗುಂಡಿ ಸಿಕ್ತು ಅಂತ ಕೋಟು ಹೊಲಿಸಿದ ಹಾಗಾಯ್ತು" ಎಂದಳು ಅಜ್ಜಿ.

"ಅತ್ತೆ, ಅದು ಗುಂಡಿ ಅಲ್ಲ."

ಅಜ್ಜಿ ಮತ್ತೆ ಬೇಳೆಗೆ ಬಾಗಿದಳು. ಬಡಗಿ ಬಾಯಲ್ಲಿದ್ದ ತುತ್ತು ನುಂಗಿ, "ನಿಮ್ಮಮ್ಮ ಹೇಳಿದ ಹಾಗೇ ಆಗ್ಲಿ ಕಣೇ" ಎಂದ. ಕಡ್ಡಿಗೆ ಸಿಟ್ಟು ಬಂತು. ಆದರೆ ತಾಯಿ ಐದು ವರ್ಷದಲ್ಲಿ ಒಂದು ವಸ್ತುವನ್ನು ಬೇಕು ಎಂದು ಕೇಳಿದ್ದು ಅದೇ ಮೊದಲು. ಅದು ಎಲ್ಲರಿಗೂ ಗೊತ್ತಿತ್ತು.

ಹಳೆಯ ಕಂಪ್ಯೂಟರ್ ಸಾಮಾನಿನ ಅಂಗಡಿಗಳು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದವು. ಕಡ್ಡಿ ಹೋದದ್ದು ಒಬ್ಬ ಹೆಂಗಸಿನ ಅಂಗಡಿಗೆ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ತಂತಿ ಬೆಸೆಯುತ್ತಿದ್ದ ಅವಳು ತಲೆ ಎತ್ತದೆಯೇ ಎಲ್ಲ ಕೇಳಿಸಿಕೊಂಡಳು.

"ಆ ಪ್ರೊಸೆಸರಿಗಾ? ಬೋರ್ಡು ಎರಡು ಥರ ಇದೆ. ಇದು ಗಿಡ್ಡದು, ಚಿತ್ರ ತೋರಿಸೋ ಏರ್ಪಾಡು ಇದರಲ್ಲೇ ಇದೆ, ಕಾರ್ಡೇ ಬೇಡ. ಇದು ಉದ್ದದ್ದು, ಕಾರ್ಡು ಹಾಕೋಕೆ ಜಾಗ ಇದೆ. ಏನ್ ಕೆಲಸ?"

"ಮನೆ ಒಳಗಿನ ಚಿತ್ರ. ಕಪಾಟು, ಅಡುಗೆಮನೆ. ಬೆಳಕು ನೆರಳು ಎಲ್ಲ ಬರ್ಬೇಕು."

"ಹಾಗಿದ್ರೆ ಕೇಳು. ನೀನು ಕಲಿತಿರೋ ಆ ಸಾಫ್ಟ್‌ವೇರಿನಲ್ಲಿ ಚಿತ್ರ ಬೇಯಿಸೋದು ಪ್ರೊಸೆಸರು, ಬಡಿಸೋದು ಕಾರ್ಡು. ನಿಂದು ಡ್ಯುಯಲ್ ಕೋರು. ಅಡುಗೆಗೆ ಇಬ್ಬರೇ. ಬಡಿಸೋಕೆ ನೂರು ಜನ ನಿಂತ್ರೆ ಊಟ ಬೇಗ ಆಗುತ್ತಾ? ಉದ್ದದ ಬೋರ್ಡು ತಗೋ, ಸಣ್ಣ ಕಾರ್ಡು ಹಾಕು. ಇಲ್ಲಾ ಆ ತಲೆ ಬಿಟ್ಟು ಬೇರೆ ತಗೋ."

"ಬಿಡೋಕಾಗಲ್ಲ ಅಕ್ಕ."

"ಸರಿ, ಅದನ್ನೇ ತಗೊಂಡು ಬಾ. ನಾನೇ ಕೂರಿಸಿ, ನೋಡಿ ಕೊಡ್ತೀನಿ."

"ಅದು ಮನೆ ಬಿಟ್ಟು ಬರಲ್ಲ."

ಹೆಂಗಸು ಒಂದು ಕನ್ನಡಕ ತೆಗೆದು ಅವಳನ್ನು ನೋಡಿದಳು. "ಯಾಕೆ, ಬಾಣಂತಿನಾ?"

ಕಡ್ಡಿ ಹೇಳಿದಳು. ಹೆಂಗಸು ಮುಂದೆ ತಮಾಷೆ ಮಾಡಲಿಲ್ಲ. ಕೂರಿಸುವ ಬಗೆಯನ್ನು ಎರಡು ಸಲ ಬಿಡಿಸಿ ಹೇಳಿದಳು. "ಪಕ್ಕದಲ್ಲಿ ಸಣ್ಣ ಲಿವರ್ ಇದೆ, ಅದನ್ನ ಎತ್ತು. ಮೂಲೆಯ ತ್ರಿಕೋನದ ಗುರುತಿಗೆ ಬೋರ್ಡಿನ ತ್ರಿಕೋನ ಸೇರಿಸಿ ಸುಮ್ನೆ ಇಡು. ಅದು ತಾನಾಗೇ ಬೀಳ್ಬೇಕು, ಒತ್ತಬಾರದು. ಬೀಳ್ಲಿಲ್ಲ ಅಂದ್ರೆ ಎತ್ತಿ ಕಾಲು ನೋಡು."

ಮನೆಯಲ್ಲಿ ಇದು ವಾರಗಟ್ಟಲೆಯ ಮಾತಾಯಿತು. ಗಂಜಿ ಕುಡಿಯುವಾಗ ಬೋರ್ಡು, ಆಲೂಗಡ್ಡೆ ಸುಲಿಯುವಾಗ ಕಾರ್ಡು. ಅಜ್ಜಿಗೂ ಗಿಡ್ಡದ್ದು ಉದ್ದದ್ದು ಬಾಯಿಪಾಠವಾಯಿತು. ಕೆಲಸಕ್ಕೆ ಕರೆ ಬರದ ಬಡಗಿ ಒಂದು ದಿನ ಮಗಳ ಜೊತೆ ಗಲ್ಲಿಗೆ ತಾನೂ ಹೋದ. ಬೋರ್ಡನ್ನು ಪ್ಲೈವುಡ್ ನೋಡುವವನಂತೆ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿದ್ದ ಎರಡು ಫ್ಯಾನಿನ ದಪ್ಪ ಕಾರ್ಡನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ.

"ಇದು ಸಾಮಾನು ಅಂದ್ರೆ" ಎಂದ.

"ಅಪ್ಪ, ಅದು ಈ ತಲೆಗೆ ಜಾಸ್ತಿ. ಸಣ್ಣದು ಸಾಕು."

"ಸಾಕು ಅನ್ನೋದು ಬೇರೆ, ಒಳ್ಳೇದು ಅನ್ನೋದು ಬೇರೆ. ನನ್ನ ಮಗನ ತಲೆಗೆ ಹರಕು ಟೋಪಿ ಹಾಕ್ಲಾ?"

ಮರುದಿನ ಅವನ ಮರ ಉಜ್ಜುವ ಮಷೀನು ಮನೆಯಲ್ಲಿರಲಿಲ್ಲ. ಶೆಡ್ಡಿನವರು ಕರೆದಾಗ ಹೆಗಲಿಗೇರಿಸಿ ಒಯ್ಯುತ್ತಿದ್ದ ಮಷೀನು ಅದು. ಅದರ ಜಾಗದಲ್ಲಿ ದಪ್ಪ ಕಾರ್ಡು, ಉದ್ದದ ಬೋರ್ಡು, ಎಲ್ಲವನ್ನೂ ಒಳಗೆ ಕೂರಿಸುವ ಒಂದು ಡಬ್ಬಿ, ಹಳೆಯ ಪರದೆ ಬಂದು ಕೂತಿದ್ದವು.

"ಮೂಗಿಗಿಂತ ಮೂಗುತಿ ಭಾರ" ಎಂದಳು ಅಜ್ಜಿ.

ಕಡ್ಡಿ ಆಗಲೇ ಹೇಳಬೇಕಿತ್ತು. ಕಾರ್ಡು ವಾಪಸ್ಸು ಕೊಡಬಹುದಿತ್ತು, ಆ ದುಡ್ಡಿಗೆ ಅಡವಿಟ್ಟ ಮಷೀನನ್ನೂ ಬಿಡಿಸಿಕೊಳ್ಳಬಹುದಿತ್ತು. ಆದರೆ ಅಪ್ಪನ ಮುಖದಲ್ಲಿ ಆ ದಿನ ಇದ್ದ ಹಿಗ್ಗನ್ನು ಕೆಡಿಸಲು ಅವಳಿಗೆ ಧೈರ್ಯ ಸಾಲಲಿಲ್ಲ.

ಜೋಡಿಸುವ ದಿನ ತಾಯಿ ಹತ್ತಿಯ ಗಂಟನ್ನು ಬೀರುವಿನಿಂದ ತಂದು ಮಗಳ ಅಂಗೈಗೆ ಹಾಕಿದಳು. "ನಾನು ನಿಂತು ನೋಡಲಾರೆ. ನೀವು ಮಾಡಿ" ಎಂದು ಇಸ್ತ್ರಿಯಾದ ಬಟ್ಟೆಯ ಮೂಟೆ ಹೊತ್ತು ಮನೆಮನೆಗೆ ಕೊಡಲು ಹೊರಟಳು.

ಕಡ್ಡಿ ಲಿವರ್ ಎತ್ತಿದಳು. ತ್ರಿಕೋನಕ್ಕೆ ತ್ರಿಕೋನ ಸೇರಿಸಿ ಇಟ್ಟಳು. ಮೂರು ಮೂಲೆ ಇಳಿದವು, ಒಂದು ಮೂಲೆ ಕೂದಲೆಳೆಯಷ್ಟು ಎದ್ದೇ ಇತ್ತು. ಹತ್ತಿಯ ಎಳೆ ಸಿಕ್ಕಿಕೊಂಡು ಯಾವುದೋ ಒಂದು ಕಾಲು ವಾಲಿರಬೇಕು.

"ಅಪ್ಪ, ಮುಟ್ಬೇಡಿ. ಟಾರ್ಚ್ ತರ್ತೀನಿ, ಎತ್ತಿ ನೋಡೋಣ."

ಅವಳು ಒಳಗೆ ಹೋದಳು. ಬಡಗಿ ಆ ಎದ್ದ ಮೂಲೆಯನ್ನು ನೋಡುತ್ತ ಕೂತ. ಜೀವಮಾನವಿಡೀ ಅವನು ಮರಕ್ಕೆ ಮರ ಕೂಡಿಸಿದವನು. ಒಳ್ಳೆಯ ಕೂಡಿಕೆ ಕೊನೆಯಲ್ಲಿ ಕೂದಲೆಳೆಯಷ್ಟು ನಿಲ್ಲುತ್ತದೆ. ಹೆಬ್ಬೆರಳಿಟ್ಟು ಒಮ್ಮೆ ಒತ್ತಿದರೆ ಕಚ್ಚಿಕೊಂಡು ಕೂರುತ್ತದೆ, ಆಮೇಲೆ ಆನೆ ಎಳೆದರೂ ಬಿಡುವುದಿಲ್ಲ. ಹಾಗೆ ಒತ್ತದಿದ್ದರೆ ಅದು ಸೋಮಾರಿ ಕೆಲಸ. ಅವನು ಹೆಬ್ಬೆರಳಿಟ್ಟು ಒತ್ತಿದ.

ಒಣ ಕಡ್ಡಿ ಮುರಿದಷ್ಟೇ ಸದ್ದಾಯಿತು. ಅಜ್ಜಿಗೂ ಕೇಳಿಸಿತು.

ಎತ್ತಿ ನೋಡಿದರೆ ಒಂದು ಮೂಲೆಯ ಕಾಲುಗಳೆಲ್ಲ ಗಾಳಿಗೆ ಮಲಗಿದ ಹುಲ್ಲಿನಂತೆ ಮಲಗಿದ್ದವು. ಬಡಗಿ ಅತಿ ಸಣ್ಣ ಉಳಿ ತಂದು ಒಂದೊಂದನ್ನೇ ಎಬ್ಬಿಸಲು ನೋಡಿದ. ಕೆಲವು ಎದ್ದವು. ಕೆಲವು ಬುಡಸಮೇತ ಕಿತ್ತು ಅವನ ಬೆರಳಿಗೇ ಅಂಟಿಕೊಂಡವು.

"ಒತ್ತಬಾರದು ಅಂತ ಹೇಳಿದ್ನಲ್ಲಪ್ಪ" ಎಂದಳು ಕಡ್ಡಿ.

"ಮುಟ್ಬೇಡ ಅಂದೆ. ಒತ್ತಬೇಡ ಅನ್ಲಿಲ್ಲ" ಎಂದ ಬಡಗಿ. ತಾನು ಆಡಿದ್ದು ಎಂಥ ಮಾತು ಎಂದು ಅವನಿಗೇ ತಿಳಿದು ಉಳಿಯನ್ನು ಕೆಳಗಿಟ್ಟ.

"ಅಮ್ಮ ಬಂದ ಕೂಡ್ಲೇ ಹೇಳಿಬಿಡೋಣ" ಎಂದಳು ಮಗಳು.

ಅಜ್ಜಿ ಗೋಡೆ ಹಿಡಿದು ಎದ್ದು ಬಂದಳು. "ಏನಂತ ಹೇಳ್ತೀಯೇ? ಮಗನ್ನ ಲಾರಿಯವನು ಕೊಂದ, ಉಳಿದಿದ್ದನ್ನ ನಿನ್ನ ಗಂಡ ಕೊಂದ ಅಂತಲಾ? ಸತ್ಯ ಹೇಳಿ ಯಾರ ಹೊಟ್ಟೆ ತುಂಬುತ್ತೆ? ಅಂಥದ್ದೇ ಇನ್ನೊಂದು ಸಿಗುತ್ತೇನೋ ನೋಡು, ಹೋಗು."

ಕಡ್ಡಿ ಓಡಿದಳು. ಅಂಗಡಿಯ ಹೆಂಗಸು ಕೆಳಗಿನ ಡ್ರಾಯರ್ ಎಳೆದಳು. ಒಳಗೆ ಅದೇ ಪ್ರೊಸೆಸರುಗಳು, ಅದೇ ಅಚ್ಚು, ಅದೇ ಅಕ್ಷರ, ತಟ್ಟೆ ತುಂಬ ಬಿಸ್ಕತ್ತಿನಂತೆ ಒಂದರ ಮೇಲೊಂದು.

"ಒಂದು ತಗೋ. ದುಡ್ಡು ಬೇಡ. ಯಾರೂ ಕೇಳಲ್ಲ ಇವನ್ನ, ತೂಕಕ್ಕೆ ಹಾಕೋದೇ."

ಕಡ್ಡಿಗೆ ಅಳು ಬಂದದ್ದು ಆಗ. ಮನೆಯಲ್ಲಿ ಕಾಲು ಮುರಿದಾಗ ಬಂದಿರಲಿಲ್ಲ.

ತಾಯಿ ಖಾಲಿ ಮೂಟೆ ಮಡಚಿಕೊಂಡು ಬರುವಷ್ಟರಲ್ಲಿ ಎಲ್ಲ ಜೋಡಿಸಿ ಆಗಿತ್ತು. ಗುಂಡಿ ಒತ್ತಿದರು, ಫ್ಯಾನುಗಳು ಸುಯ್ ಎಂದವು, ಪರದೆ ಬೆಳಗಿತು. ತಾಯಿ ಪರದೆಯ ಕಡೆ ನೋಡಲೇ ಇಲ್ಲ. ಡಬ್ಬಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅದರ ಮಗ್ಗುಲಿಗೆ ಅಂಗೈ ಇಟ್ಟಳು. ಇಸ್ತ್ರಿಯ ಕಾವನ್ನು ಕೈಯಲ್ಲೇ ಅಳೆಯುವವಳು ಅವಳು.

"ಬೆಚ್ಚಗಾಗ್ತಿದೆ" ಎಂದಳು. ಬಡಗಿ ಎದ್ದು ಹೊರಗೆ ಹೋದ.

ಅಂದಿನಿಂದ ದಿನವೂ ಸಂಜೆ ಅವಳು ಹಾಗೆ ಕೂರತೊಡಗಿದಳು. ಕೂತು ಬೇಳೆ ಆರಿಸುವಳು, ಗುಂಡಿ ಹೋದ ಅಂಗಿಗೆ ಗುಂಡಿ ಹಾಕುವಳು, ನಡುನಡುವೆ ಎಡಗೈಯಿಂದ ಡಬ್ಬಿ ಮುಟ್ಟುವಳು. ಊಟ ಸೇರತೊಡಗಿತು. ಒಮ್ಮೆ ಅತ್ತೆಯ ಮಾತಿಗೆ ಜೋರಾಗಿ ನಕ್ಕಳು. ಅಜ್ಜಿ ಗಾಬರಿಯಾಗಿ ಮಗನ ಮುಖ ನೋಡಿದಳು.

ಒಳ್ಳೆಯದಾದದ್ದು ಅಷ್ಟೇ. ಇಸ್ತ್ರಿಪೆಟ್ಟಿಗೆ ಮತ್ತು ಕಂಪ್ಯೂಟರು ಒಟ್ಟಿಗೆ ಹಾಕಿದರೆ ಮನೆಯ ಫ್ಯೂಸು ಹಾರುತ್ತಿತ್ತು. ಮೊದಲನೆಯ ಚಿತ್ರ ಅರ್ಧ ಬೆಂದಿದ್ದಾಗ ಹಾಗೆ ಹಾರಿ, ಎಲ್ಲವೂ ಮೊದಲಿಂದ ಆಗಬೇಕಾಯಿತು.

"ಯಾರಮ್ಮ ಇಸ್ತ್ರಿ ಹಾಕಿದ್ದು?"

"ಪಕ್ಕದ ಮನೆಯವರ ಅಂಗಿ ಕಣೇ, ಅರ್ಜೆಂಟು ಅಂದ್ರು."

"ಒಂದು ಚಿತ್ರಕ್ಕೆ ಒಂದು ದಿನ ಬೇಕು ನಂಗೆ. ಅಷ್ಟೂ ಹೊತ್ತು ಇಸ್ತ್ರಿ ಹಾಕಬಾರದು."

"ಹಾಕಲ್ಲ ಬಿಡು" ಎಂದಳು ತಾಯಿ. ಹಾಕಲಿಲ್ಲ. ಬಟ್ಟೆಯ ಗಂಟುಗಳು ಮೂಲೆಯಲ್ಲಿ ಬೆಳೆದವು. ಒಬ್ಬೊಬ್ಬರಾಗಿ ಗಿರಾಕಿಗಳು ಬಂದು ಮುದುಡಿದ ಬಟ್ಟೆಯನ್ನೇ ವಾಪಸ್ಸು ಒಯ್ದರು. ದಪ್ಪ ಕಾರ್ಡಿನ ಎರಡು ಫ್ಯಾನುಗಳು ಮಾಡಲು ಕೆಲಸವಿಲ್ಲದೆ ಸುಮ್ಮನೆ ತಿರುಗುತ್ತಿದ್ದವು. ಅಡುಗೆಯವರು ಇಬ್ಬರೇ.

ಮೂರೂ ಚಿತ್ರಗಳನ್ನು ಕಡ್ಡಿ ಒಯ್ದು ತೋರಿಸಿದಳು. ಮ್ಯಾನೇಜರಿಗೆ ನಿಜವಾಗಿಯೂ ಇಷ್ಟವಾಯಿತು. "ಭಾಳ ಚೆನ್ನಾಗಿದೆ. ಈಗ ಈ ಕಪಾಟು ಹಸಿರು ಮಾಡಿದ್ರೆ ಹೇಗಿರುತ್ತೆ, ಸಂಜೆ ಒಳಗೆ ಕಳಿಸಮ್ಮ, ಗಿರಾಕಿ ಕಾಯ್ತಿದಾರೆ."

"ನಾಳೆ ಸಂಜೆಗೆ ಕೊಡ್ತೀನಿ ಸರ್."

"ಬಣ್ಣ ಬದಲಾಯಿಸೋಕೆ ನಾಳೆ ತನಕ ಬೇಕಾ?" ಅವನು ಬೈಯಲಿಲ್ಲ. ಆ ಕೆಲಸ ಇನ್ಯಾರಿಗೋ ಹೋಯಿತು. ಬಡಗಿಗೆ ಶೆಡ್ಡಿನಿಂದ ಒಂದು ಕರೆಯೂ ಬಂತು, ಮರ ಉಜ್ಜುವ ಕೆಲಸ, ಮಷೀನು ತನ್ನಿ ಎಂದರು. ಮಷೀನಿಲ್ಲ ಎಂದ. ಹಾಗಿದ್ದರೆ ಬೇಡ ಎಂದರು.

ತನ್ನ ಮಾತ್ರೆ ತರಲೂ ದುಡ್ಡಿಲ್ಲದೆ ತಡವಾಗತೊಡಗಿದಾಗ ಅಜ್ಜಿಯೇ ಬಾಯಿಬಿಟ್ಟಳು. "ಆ ಡಬ್ಬಿ ಮಾರಿಬಿಡಿ. ಕೆಲಸಕ್ಕೆ ಬಾರದ್ದು."

"ಕೆಲಸಕ್ಕೆ ಬಾರದಿದ್ರೂ ಇರ್ಲಿ ಅತ್ತೆ" ಎಂದಳು ಸೊಸೆ. "ನಾನು ಇನ್ನೆರಡು ಮನೆ ಬಟ್ಟೆ ಜಾಸ್ತಿ ತರ್ತೀನಿ. ಸಂಜೆ ಒಂದು ಗಳಿಗೆ ಅದು ಓಡ್ತಾ ಇರ್ಲಿ. ನಾನೇನು ಚಿನ್ನ ಕೇಳಿದ್ನಾ?"

ಡಬ್ಬಿ ಉಳಿಯಿತು. ಅವಳಿಗೆ ಅದು ಬೇಕಿತ್ತು, ಉಳಿದ ಮೂವರಿಗೆ ಅವಳ ಮುಖದ ಆ ಕಳೆ ಬೇಕಿತ್ತು. ಮಾಡಿದ ಮೋಸಕ್ಕೆ ಅದೊಂದೇ ಸಮಾಧಾನ. ಬಡಗಿಗೆ ಮಾತ್ರ ಅದೂ ದಕ್ಕಲಿಲ್ಲ. ಅವನು ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ಓಡಾಡುತ್ತಿದ್ದ.

ಒಂದು ಮಧ್ಯಾಹ್ನ ತಾಯಿ ಟ್ರಂಕು ತೆಗೆದು ಬಟ್ಟೆಗಳ ಅಡಿಯಿಂದ ದೊಡ್ಡವನ ಫೋಟೋ ಹೊರಗೆ ತಂದಳು. ಧೂಳು ಒರೆಸಿ, ಬಹಳ ಹೊತ್ತು ನೋಡಿ, ಕಂಪ್ಯೂಟರಿನ ಮೇಲಿನ ಗೋಡೆಗೆ ಹಿಡಿದು, ಇಲ್ಲೇ ಸರಿ ಎಂದುಕೊಂಡಳು. ಇನ್ನು ನೋಡಬಲ್ಲೆ ಅನ್ನಿಸಿತ್ತು ಅವಳಿಗೆ. ಗಂಡ ಮನೆಯಲ್ಲಿರಲಿಲ್ಲ. ಒಂದು ಮೊಳೆಗೆ ಅವನನ್ನೇಕೆ ಕಾಯಬೇಕು ಎಂದು ಅವಳೇ ಅವನ ಸಾಮಾನಿನ ಪೆಟ್ಟಿಗೆಯಿಂದ ಮೊಳೆಯ ಡಬ್ಬಿ ಎತ್ತಿ ನೆಲಕ್ಕೆ ಸುರಿದಳು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಕಂಪ್ಯೂಟರು ಎಂದಿನಂತೆ ಓಡುತ್ತಿತ್ತು. ತಾಯಿ ಎಲ್ಲರಿಗೂ ಬಡಿಸಿದಳು, ಕಡೆಗೆ ಗಂಡನ ತಟ್ಟೆಯ ಪಕ್ಕದಲ್ಲಿ ಹಳೆಯ ಪ್ರೊಸೆಸರಿನ ಚೌಕವನ್ನು ಇಟ್ಟಳು. ಕಾಲು ಮುರಿದ ಭಾಗ ಮೇಲಾಗಿತ್ತು. ಅವಳು ಅದನ್ನು ಮಗುಚಿ ಮುಚ್ಚಳದ ಮೂಲೆಯ ಗೀರು ಕಾಣುವಂತೆ ಇಟ್ಟಳು.

"ಮೊಳೆ ಡಬ್ಬಿಯಲ್ಲಿತ್ತು" ಎಂದಳು.

ಬಡಗಿ ತಟ್ಟೆಯಿಂದ ಕೈ ತೆಗೆದ.

"ತಪ್ಪು ನಂದು ಕಣಮ್ಮ" ಎಂದಳು ಅಜ್ಜಿ. "ಹೇಳಬೇಡಿ ಅಂದೋಳು ನಾನೇ..."

"ನೀವು ಊಟ ಮಾಡಿ ಅತ್ತೆ." ಗಂಡನ ಕಡೆ ತಿರುಗಿದಳು. "ಕಾಲು ಯಾಕೆ ಹೀಗಾಗಿದೆ?"

"ಕೂರ್ಲಿಲ್ಲ. ಸ್ವಲ್ಪ ಒತ್ತಿದೆ."

"ಒತ್ತಿದ್ರಿ."

"ಬಿಸಾಡೋಕೆ ಕೈ ಬರ್ಲಿಲ್ಲ ಕಣೇ."

"ಹಾಗಾದ್ರೆ ಇಷ್ಟು ದಿನ ನಾನು ಕೈಯಿಟ್ಟು ಕೂತಿದ್ದು ಯಾರ ಮೇಲೆ?"

ಫ್ಯಾನುಗಳ ಸದ್ದು ಕೋಣೆ ತುಂಬಿತ್ತು. ಕಡ್ಡಿಗೆ ಏನಾದರೂ ಹೇಳಲೇಬೇಕು ಅನ್ನಿಸಿತು. "ಅದೂ ಅಂಥದ್ದೇ ಅಮ್ಮ. ಅದೇ ಕಂಪನಿ, ಅದೇ ಡ್ಯುಯಲ್ ಕೋರು. ಒಂಚೂರೂ ವ್ಯತ್ಯಾಸ ಇಲ್ಲ."

"ಅಂಥವು ಇನ್ನೂ ಸಿಗ್ತವಾ?"

"ಡ್ರಾಯರ್ ತುಂಬ ಇವೆ" ಎಂದಳು ಕಡ್ಡಿ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ತಾಯಿ "ಆರಿಸು" ಎಂದಳು.

ಕಡ್ಡಿ ತಟ್ಟೆಯ ಪಕ್ಕದಲ್ಲಿದ್ದ ಮುರುಕು ಚೌಕವನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಎರಡರಲ್ಲಿ ಯಾವುದನ್ನು ಎಂದು ತಿಳಿಯದೆ ತಾಯಿಯ ಮುಖ ನೋಡಿದಳು.

"ಏನಮ್ಮ?"

ತಾಯಿ ಗೋಡೆಯ ಸ್ವಿಚ್ಚಿನ ಕಡೆ ಕೈ ತೋರಿಸಿದಳು. "ಆರಿಸು ಅಂದೆ."

ಕಡ್ಡಿ ಎದ್ದು ಆರಿಸಿದಳು. ಫ್ಯಾನುಗಳು ನಿಧಾನವಾಗಿ ನಿಂತವು. ಅಷ್ಟು ದಿನ ಆ ಸದ್ದು ಮನೆಯಲ್ಲಿ ಇತ್ತೆಂಬುದೇ ಎಲ್ಲರಿಗೂ ಈಗ ತಿಳಿಯಿತು. ತಾಯಿ ಡಬ್ಬಿಯ ಪಕ್ಕ ಕೂತು ಮಗ್ಗುಲಿಗೆ ಅಂಗೈ ಇಟ್ಟಳು. ಯಾರೂ ಉಣ್ಣಲಿಲ್ಲ, ಯಾರೂ ಏಳಲಿಲ್ಲ. ಅದು ಪೂರ್ತಿ ತಣ್ಣಗಾಗುವವರೆಗೂ ಅವಳು ಕೈ ತೆಗೆಯಲಿಲ್ಲ.

ಆಮೇಲೆ ಫೋಟೋವನ್ನು ಟ್ರಂಕಿಗೆ ಹಾಕಿ ಬಂದು, ಬಟ್ಟೆಯ ಗಂಟೊಂದನ್ನು ಬಿಚ್ಚಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಹಾಕಿದಳು. ಫ್ಯೂಸು ಹಾರಲಿಲ್ಲ.